ಬಾಡಿಗೆ ಮನೆಯ ಹಕ್ಕು ಮತ್ತು ಹೊಣೆ: ಪುಲಿಗೆರೆಯ ಶಾಸನದಿಂದ ಇಂದಿನ ಕರಾರುಪತ್ರದವರೆಗೆ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಲಾಗದವನ ಪಾಡೇನು ಎಂಬುದನ್ನು ಆ ಗಾದೆ ಹೇಳಲಿಲ್ಲ. ನಮ್ಮ ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರದ ಪೇಟೆಯಲ್ಲಿ, ಶಿರಹಟ್ಟಿ ಮತ್ತು ಮುಂಡರಗಿಯ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ ಸಾವಿರಾರು ಕುಟುಂಬಗಳು ಬಾಡಿಗೆ ಮನೆಗಳಲ್ಲಿ ಬಾಳುತ್ತಿವೆ. ಕಾಲೇಜು ಓದಲು ಹಳ್ಳಿಯಿಂದ ಬಂದ ಹುಡುಗರು ನಾಲ್ವರು ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಇನ್ನೊಂದು ಕಡೆ, ಗಂಡ ತೀರಿದ ಮೇಲೆ ಇದ್ದ ಮನೆಯ ಎರಡು ಖಣಗಳನ್ನು ಬಾಡಿಗೆಗೆ ಕೊಟ್ಟು, ಅದರಿಂದಲೇ ಮಕ್ಕಳ ಶಾಲೆಯ ಫೀ ಕಟ್ಟುವ ತಾಯಂದಿರೂ ಇದ್ದಾರೆ. ನಮ್ಮ ಸದಸ್ಯರಲ್ಲಿ ಈ ಎರಡೂ ಬಗೆಯವರು ಇರುವುದರಿಂದ ಈ ಲೇಖನ ಇಬ್ಬರಿಗೂ ಸೇರಿದ್ದು.

ಮೊದಲು ನಿಮಗೆ ಒಂದು ಪ್ರಶ್ನೆ. ನೀವು ಬಾಡಿಗೆದಾರರಾಗಿದ್ದರೆ, ಹೋದ ತಿಂಗಳು ಕೊಟ್ಟ ಬಾಡಿಗೆಗೆ ನಿಮ್ಮ ಬಳಿ ಪಾವತಿ ಇದೆಯೇ? ನೀವು ಮಾಲೀಕರಾಗಿದ್ದರೆ, ನಿಮ್ಮ ಮನೆಯಲ್ಲಿ ಇರುವವರು ಯಾವ ಕರಾರಿನ ಮೇಲೆ, ಎಂದಿನಿಂದ ಇದ್ದಾರೆ ಎಂಬುದಕ್ಕೆ ಬರಹದ ಆಧಾರ ಇದೆಯೇ? "ನಾವು ನಮ್ಮವರ ಅದೇವ್ರಿ, ಪಾವತಿ ಯಾಕ ಬೇಕ್ರಿ" ಎಂಬ ಮಾತು ನಮ್ಮಲ್ಲಿ ಬಹಳ. ಆ ಮಾತಿನ ಹಿಂದಿರುವ ಪ್ರೀತಿ ದೊಡ್ಡದು. ಆದರೆ ಕೋರ್ಟಿನ ಮೆಟ್ಟಿಲು ಹತ್ತಿದ ದಿನ ಅದಕ್ಕೆ ಬೆಲೆ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದನ್ನು ತಿಳಿಯಲು ಸ್ವಲ್ಪ ಇತಿಹಾಸದೊಳಗೆ ಹೋಗಬೇಕು. ಆ ಇತಿಹಾಸದ ಒಂದು ಹಳೆಯ ಪುಟ ನಮ್ಮ ಲಕ್ಷ್ಮೇಶ್ವರದಲ್ಲೇ ಇದೆ.

ಪುಲಿಗೆರೆಯ ಕಲ್ಲಿನ ಮೇಲೆ

ಇಂದಿನ ಲಕ್ಷ್ಮೇಶ್ವರಕ್ಕೆ ಹಿಂದೆ ಪುಲಿಗೆರೆ ಎಂದು ಹೆಸರು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು ಕ್ರಿ.ಶ. 725ರಲ್ಲಿ ಈ ಊರಿನ ಮಹಾಜನರಿಗೆ, ನಗರಕ್ಕೆ ಮತ್ತು ಹದಿನೆಂಟು ಪ್ರಕೃತಿಗಳಿಗೆ ಒಂದು ವ್ಯವಸ್ಥೆಯನ್ನು ಬರೆಸಿಕೊಟ್ಟ ಶಾಸನ ಇತಿಹಾಸಕಾರರಿಗೆ ಚಿರಪರಿಚಿತ. ರಾಜನ ಅಧಿಕಾರಿಗಳು ಊರಿನವರೊಡನೆ ಹೇಗೆ ನಡೆದುಕೊಳ್ಳಬೇಕು, ಊರಿನವರು ಏನು ಸಲ್ಲಿಸಬೇಕು ಎಂಬುದು ಅದರಲ್ಲಿದೆ. ಅಧಿಕಾರಿಗಳು ಕಾಪಾಡಬೇಕಾದವುಗಳ ಪಟ್ಟಿಯಲ್ಲಿ ಯಾರೂ ವಾಸವಿಲ್ಲದ ಮನೆಗಳೂ ಸೇರಿವೆ. ಹಿಂದಿನಿಂದ ಅನುಭವಿಸಿಕೊಂಡು ಬಂದ ಸ್ವತ್ತಿನ ಅನುಭೋಗವನ್ನು ಮುಂದುವರಿಸುವುದೂ ಆ ಪಟ್ಟಿಯಲ್ಲಿದೆ. ಮನೆಗಳನ್ನು ಅಂತಸ್ತಿನಂತೆ ವಿಂಗಡಿಸಿ, ಉಳ್ಳವರ ಮನೆಗೆ ಹೆಚ್ಚು, ಬಡವರ ಮನೆಗೆ ಕಡಿಮೆ ತೆರಿಗೆ ಹಾಕಲಾಗಿದೆ.

ಇದನ್ನು ಬಾಡಿಗೆ ಕಾನೂನು ಎಂದು ಕರೆದರೆ ತಪ್ಪಾಗುತ್ತದೆ. ಅದು ಅರಸ ಮತ್ತು ಪ್ರಜೆಗಳ ನಡುವಿನ ವ್ಯವಸ್ಥೆ. ಆದರೂ ಮೂರು ವಿಚಾರಗಳನ್ನು ನಾವು ಗಮನಿಸಬೇಕು. ಮನೆ ಖಾಲಿ ಇದ್ದ ಮಾತ್ರಕ್ಕೆ ಯಾರು ಬೇಕಾದರೂ ಒಳಹೋಗುವಂತಿಲ್ಲ. ಬಹುಕಾಲ ಅನುಭವಿಸುತ್ತ ಬಂದವನನ್ನು ಅಧಿಕಾರದ ಬಲದಿಂದ ಎಬ್ಬಿಸುವಂತಿಲ್ಲ. ಮೂರನೆಯದಾಗಿ, ಇವೆಲ್ಲ ಬಾಯಿಮಾತಿನಲ್ಲಿ ಉಳಿಯದೆ ಕಲ್ಲಿನ ಮೇಲೆ ಬರಹವಾಗಬೇಕು. ಸುಮಾರು 1300 ವರ್ಷಗಳ ನಂತರವೂ ಮನೆ ಮಾಲೀಕರ ಮತ್ತು ಬಾಡಿಗೆದಾರರ ಜಗಳಗಳೆಲ್ಲ ಈ ಮೂರರ ಸುತ್ತಲೇ ತಿರುಗುತ್ತಿವೆ.

ಕರಾರುಪತ್ರದ ಭಾಷೆ

ನಿಮ್ಮ ಮನೆಯಲ್ಲಿ ಹಳೆಯ ಬಾಡಿಗೆ ಚೀಟಿ ಇದ್ದರೆ ತೆಗೆದು ನೋಡಿ. ಮಾಲಕ, ಕರಾರು, ಕಬೂಲು, ರಸೀದಿ, ತಾರೀಖು, ಜಾಮೀನು, ವಕೀಲ, ಅರ್ಜಿ ಈ ಮಾತುಗಳೆಲ್ಲ ಅಲ್ಲಿ ಸಿಗುತ್ತವೆ. ಇವು ಅರಬ್ಬಿ-ಫಾರಸಿ ಮೂಲದಿಂದ ಬಂದವು. ಬಹಮನಿ ಮತ್ತು ಆದಿಲ್‌ಶಾಹಿ ಆಡಳಿತದಲ್ಲಿ ದಫ್ತರಕ್ಕೆ ಸೇರಿ, ಮರಾಠರ ಕಾಲದಲ್ಲೂ ಮುಂದುವರಿದು, ಕೊನೆಗೆ ಅಚ್ಚ ಕನ್ನಡದ ಮಾತುಗಳೇ ಆಗಿಹೋದವು. ನಮ್ಮ ಭಾಗದ ಹಿರಿಯರು ಇಂದಿಗೂ ಆಡುವ ಕಿರಾಯಿ ಎಂಬುದು ಅರಬ್ಬಿಯ 'ಕಿರಾ'ದಿಂದ ಬಂದದ್ದು. ಬಾಡಿಗೆ ಎಂಬುದು ಸಂಸ್ಕೃತದ 'ಭಾಟಕ'ದ ಕಡೆಯಿಂದ ಬಂದದ್ದು. ಕಾನೂನಿನ ಕಲಂ ಎಂದು ನಾವು ಹೇಳುವಾಗ ಆ ಕಲಂ ಕೂಡ ಅರಬ್ಬಿಯ ಲೇಖನಿಯೇ. ಒಂದೇ ಬಾಡಿಗೆ ಚೀಟಿಯಲ್ಲಿ ಇಷ್ಟು ಭಾಷೆಗಳು ಜಗಳವಿಲ್ಲದೆ ಒಟ್ಟಿಗೆ ವಾಸವಾಗಿವೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಹಾಗೆಯೇ ಹೊಲಕ್ಕೆ ಲಾವಣಿ, ಮನೆಗೆ ಬಾಡಿಗೆ ಎಂದು ನಮ್ಮ ಜನ ಬೇರೆ ಬೇರೆ ಮಾತು ಇಟ್ಟುಕೊಂಡಿದ್ದಾರೆ. ಈ ವ್ಯತ್ಯಾಸ ಮುಂದೆ ಕಾನೂನಿನಲ್ಲೂ ದೊಡ್ಡದಾಯಿತು.

ಒಂದೇ ಸೀಮೆ, ಮೂರು ಆಡಳಿತ

ಬ್ರಿಟಿಷರ ಕಾಲದಲ್ಲಿ ನಮ್ಮ ಈ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲ್ಲೂಕು. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿದ ಊರು. ಅಂದರೆ ಒಂದೇ ದಿನದಲ್ಲಿ ಬಂಡಿ ಹೂಡಿ ಹೋಗಿ ಬರಬಹುದಾದ ಊರುಗಳ ನಡುವೆ ಮೂರು ಸರ್ಕಾರಗಳ ಗಡಿ ಇತ್ತು. ಗದಗಿನಲ್ಲಿ ಬಾಡಿಗೆಗಿದ್ದವನಿಗೆ ಒಂದು ಕೋರ್ಟು, ಶಿರಹಟ್ಟಿಯಲ್ಲಿದ್ದ ಅವನ ತಮ್ಮನಿಗೆ ಇನ್ನೊಂದು, ಲಕ್ಷ್ಮೇಶ್ವರದಲ್ಲಿದ್ದ ಬೀಗರಿಗೆ ಮತ್ತೊಂದು.

1882ರಲ್ಲಿ ಬ್ರಿಟಿಷ್ ಸರ್ಕಾರ ಸ್ವತ್ತು ವರ್ಗಾವಣೆ ಕಾಯ್ದೆಯನ್ನು ಮಾಡಿತು. ಅದು ಮುಂಬಯಿ ಪ್ರಾಂತಕ್ಕೆ ಆ ಕೂಡಲೇ ಬರಲಿಲ್ಲ. 1893ರ ಜನವರಿ 1ರಿಂದ ಇಲ್ಲಿ ಜಾರಿಗೆ ಬಂತು. ಸಂಸ್ಥಾನದ ಊರುಗಳಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಈ ಕಾಯ್ದೆ ಇಂದಿಗೂ ಜೀವಂತವಾಗಿರುವುದರಿಂದ ಅದರ ಐದನೆಯ ಅಧ್ಯಾಯ ಏನು ಹೇಳುತ್ತದೆ ಎಂಬುದು ನಿಮಗೆ ತಿಳಿದಿರಲಿ.

ಕಲಂ 106ರ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು ಎಣಿಸಬೇಕು. ಅದನ್ನು ಮುಗಿಸಲು ಹದಿನೈದು ದಿನಗಳ ನೋಟಿಸು ಸಾಕು. ಕಲಂ 108 ಎರಡೂ ಕಡೆಯವರ ಹೊಣೆಗಳನ್ನು ಹೇಳುತ್ತದೆ. ಮೇಲ್ನೋಟಕ್ಕೆ ಕಾಣದ, ಆದರೆ ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾಲೀಕ ಮುಚ್ಚಿಡಬಾರದು. ಬಾಡಿಗೆ ಸಲ್ಲಿಸುತ್ತಿರುವವನನ್ನು ನೆಮ್ಮದಿಯಿಂದ ಇರಲು ಬಿಡಬೇಕು. ತಾನು ಮಾಡಿಸಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಬಾಡಿಗೆದಾರನೂ ಹೊಣೆಯಿಂದ ಮುಕ್ತನಲ್ಲ. ಸಹಜ ಸವೆತ ಬಿಟ್ಟರೆ ಮನೆಯನ್ನು ಪಡೆದಂತೆಯೇ ಹಿಂದಿರುಗಿಸಬೇಕು. ಮಾಲೀಕನ ಒಪ್ಪಿಗೆ ಇಲ್ಲದೆ ಅಲ್ಲಿ ಶಾಶ್ವತವಾದ ಕಟ್ಟಡ ಕಟ್ಟುವಂತಿಲ್ಲ. ಕಲಂ 114 ಇನ್ನೊಂದು ಕರುಣೆ ತೋರುತ್ತದೆ. ಬಾಡಿಗೆ ಬಾಕಿಯ ಕಾರಣಕ್ಕೆ ಕರಾರು ರದ್ದಾಗಿ ದಾವೆ ಬಂದರೂ, ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ ಮತ್ತು ಖರ್ಚು ಕಟ್ಟಿದವನನ್ನು ಉಳಿಸುವ ಅಧಿಕಾರ ಕೋರ್ಟಿಗೆ ಇದೆ.

ಇಷ್ಟಾದರೂ ಈ ಕಾಯ್ದೆ ಇಬ್ಬರೂ ಸಮಾನ ಬಲದವರು ಎಂದು ನಂಬಿ ಬರೆದದ್ದು. ಬಾಡಿಗೆ ಎಷ್ಟಿರಬೇಕು ಎಂಬ ವಿಷಯದಲ್ಲಿ ಅದು ತಲೆಹಾಕುವುದಿಲ್ಲ. ಹತ್ತಿಯ ಪೇಟೆ ಬೆಳೆದು, 1880ರ ದಶಕದಲ್ಲಿ ರೈಲು ಬಂದು, ಗದಗಿಗೆ ಹಮಾಲರು, ಗಿರಣಿ ಕೆಲಸಗಾರರು, ವ್ಯಾಪಾರಿಗಳು ಬಂದು ನೆಲೆಸಿದಾಗ, ಬೆಟಗೇರಿಯಲ್ಲಿ ಮಗ್ಗದ ಮನೆಗಳು ತುಂಬಿದಾಗ, ಸೂರಿಗಾಗಿ ಪೈಪೋಟಿ ಹೆಚ್ಚಿತು. ಪೈಪೋಟಿ ಇರುವಲ್ಲಿ ಹದಿನೈದು ದಿನದ ನೋಟಿಸು ಬಡವನಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಯುದ್ಧ ತಂದ ಕಾಯ್ದೆ

ಬಾಡಿಗೆಗೆ ಸರ್ಕಾರ ಮಿತಿ ಹಾಕಬೇಕು ಎಂಬ ವಿಚಾರಕ್ಕೆ ಬಲ ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ, ಕಾರ್ಖಾನೆಗಳಿಗೆ ಬಂದ ಹೊಸ ಕೆಲಸಗಾರರನ್ನು ನಂಬಿ ಮಾಲೀಕರು ಬಾಡಿಗೆ ಏರಿಸಿದರು. 1915ರಲ್ಲಿ ಮೇರಿ ಬಾರ್ಬರ್ ಮೊದಲಾದ ಮಹಿಳೆಯರ ಮುಂದಾಳುತನದಲ್ಲಿ ಸಾವಿರಾರು ಮನೆಗಳವರು ಹೆಚ್ಚಿನ ಬಾಡಿಗೆ ಕೊಡಲು ನಿರಾಕರಿಸಿದರು. ಅದೇ ವರ್ಷದ ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟು ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ತಡೆಹಿಡಿಯುವ ಕಾಯ್ದೆ ಮಾಡಬೇಕಾಯಿತು. ದೇಶವಾಳಿದವರಲ್ಲ, ಮನೆವಾರ್ತೆ ನೋಡಿಕೊಳ್ಳುವ ಹೆಣ್ಣುಮಕ್ಕಳು ಹೊರಟು ಪಡೆದ ಕಾಯ್ದೆ ಇದು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿಡಲಿ.

ಅದರ ಬೆನ್ನಿಗೇ 1918ರಲ್ಲಿ ಮುಂಬಯಿ ಸರ್ಕಾರವೂ ಯುದ್ಧಕಾಲದ ಬಾಡಿಗೆ ನಿರ್ಬಂಧ ಕಾಯ್ದೆಯನ್ನು ತಂದಿತು. ಎರಡನೆಯ ಮಹಾಯುದ್ಧ ಬಂದಾಗ 1939ರಲ್ಲಿ ಮತ್ತೊಂದು, 1944ರಲ್ಲಿ ಇನ್ನೊಂದು ಬಂತು. ಇವೆಲ್ಲವನ್ನೂ ಒಟ್ಟು ಮಾಡಿದಂತೆ ಬಂದದ್ದು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ. ಅದು 1948ರ ಫೆಬ್ರವರಿ 13ರಿಂದ ಪಟ್ಟಿಯಲ್ಲಿದ್ದ ಊರುಗಳಲ್ಲಿ ಜಾರಿಗೆ ಬಂತು.

ಈ ಕಾಯ್ದೆಯ ತಿರುಳು ಮೂರು ಮಾತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಪ್ರಮಾಣ ಬಾಡಿಗೆಯ ಅಳತೆಗೋಲಾಗಿ ಹಿಡಿಯಬೇಕು. ಆ ಬಾಡಿಗೆ ಮತ್ತು ಒಪ್ಪಿತ ಏರಿಕೆಯನ್ನು ಸಲ್ಲಿಸುತ್ತ, ಸಲ್ಲಿಸಲು ಸಿದ್ಧನಾಗಿರುವವನನ್ನು ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಎಬ್ಬಿಸುವಂತಿಲ್ಲ. ಮೂರನೆಯದು ನಮ್ಮ ಲೇಖನಕ್ಕೆ ಬಹಳ ಮುಖ್ಯ. ಹಣ ಪಡೆದ ಮಾಲೀಕ ಬರಹದ ರಸೀದಿ ಕೊಡಲೇಬೇಕು, ಕೊಡದಿದ್ದರೆ ದಂಡ. ಪಾವತಿ ಕೇಳುವುದು ಅಪನಂಬಿಕೆಯ ಲಕ್ಷಣ ಎಂದು ಈಗಲೂ ಮುಜುಗರ ಪಡುವವರು, ಮುಂಬಯಿ ಪ್ರಾಂತದ ಕಾಯ್ದೆ ಅದನ್ನು ಎಪ್ಪತ್ತೈದು ವರ್ಷಗಳ ಹಿಂದೆಯೇ ಹಕ್ಕು ಎಂದು ಬರೆದಿಟ್ಟಿತ್ತು ಎಂಬುದನ್ನು ತಿಳಿಯಬೇಕು.

ಇದೇ ಹೊತ್ತಿಗೆ ನಮ್ಮ ಸೀಮೆಯ ಗಡಿಗಳೂ ಅಳಿದವು. 1948ರ ಮಾರ್ಚ್ 8ರಂದು ಸಾಂಗ್ಲಿ, ಮೀರಜ್ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಶಿರಹಟ್ಟಿ ಮತ್ತು ಲಕ್ಷ್ಮೇಶ್ವರದವರೂ ಗದಗಿನವರೊಂದಿಗೆ ಧಾರವಾಡ ಜಿಲ್ಲೆಯವರಾದರು. ಬಂಡಿಯ ದಾರಿಯ ಮೂರು ಸರ್ಕಾರಗಳು ಒಂದಾದವು.

ಏಕೀಕರಣದ ನಂತರ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಸಂತೋಷದೊಂದಿಗೆ ಒಂದು ತೊಡಕೂ ಬಂತು. ಹಳೆಯ ಮೈಸೂರಿಗೆ 1951ರ ಮನೆ ಬಾಡಿಗೆ ಕಾಯ್ದೆ, ನಮಗೆ ಮುಂಬಯಿಯ 1947ರ ಕಾಯ್ದೆ, ಹೈದರಾಬಾದ್ ಕರ್ನಾಟಕಕ್ಕೆ 1954ರದು, ಮಂಗಳೂರು ಕಡೆಗೆ ಮದರಾಸಿನ 1949ರದು, ಕೊಡಗಿಗೆ ಅದರದೇ. ಒಂದೇ ರಾಜ್ಯ, ಐದು ಬಾಡಿಗೆ ಕಾನೂನು. ಈ ಗೊಂದಲ ಮುಗಿದದ್ದು 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆಯಿಂದ. ಅದು 1961ರ ಡಿಸೆಂಬರ್ 31ರಂದು ಜಾರಿಗೆ ಬಂತು. ಮುಂದೆ ರಾಜ್ಯದ ಹೆಸರು ಬದಲಾದಾಗ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಎನಿಸಿತು. ನಲವತ್ತು ವರ್ಷ ವಕೀಲರ ಬಾಯಲ್ಲಿ ನಿತ್ಯ ಕೇಳಿಬರುತ್ತಿದ್ದ ಕಲಂ 21 ಈ ಕಾಯ್ದೆಯದು. ಮನೆ ಬಿಡಿಸಲು ಯಾವ ಯಾವ ಕಾರಣಗಳು ಸಾಕು ಎಂಬುದನ್ನು ಅದು ಪಟ್ಟಿ ಮಾಡಿತ್ತು. ಬಾಡಿಗೆ ಬಾಕಿ, ಮನೆಗೆ ಹಾನಿ, ಮಾಲೀಕನ ನಿಜವಾದ ಸ್ವಂತ ಅಗತ್ಯ ಇವು ಮುಖ್ಯವಾದವು. ಅಂಥ ಕಾರಣವನ್ನು ಕೋರ್ಟಿನಲ್ಲಿ ಸಾಬೀತು ಮಾಡದೆ ಬಾಡಿಗೆದಾರನನ್ನು ಹೊರಹಾಕುವಂತಿರಲಿಲ್ಲ.

ಇಲ್ಲಿ ಹೊಲ ಮತ್ತು ಮನೆಯ ದಾರಿಗಳು ಬೇರೆಯಾದವು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಲಾವಣಿಗೆ ಹೊಲ ಮಾಡುತ್ತಿದ್ದ ರೈತ ಒಡೆಯನಾದ. ಪಟ್ಟಣದ ಬಾಡಿಗೆದಾರ ಎಷ್ಟು ವರ್ಷ ಇದ್ದರೂ ಬಾಡಿಗೆದಾರನಾಗಿಯೇ ಉಳಿದ. ಹನ್ನೆರಡು ವರ್ಷ ಬಾಡಿಗೆಗಿದ್ದರೆ ಮನೆ ನಮ್ಮದಾಗುತ್ತದೆ ಎಂಬ ನಂಬಿಕೆ ನಮ್ಮ ಓಣಿಗಳಲ್ಲಿ ಇದೆ. ಅದು ಪೂರಾ ತಪ್ಪು. ಬಾಡಿಗೆ ಕೊಟ್ಟು ಇರುವುದೆಂದರೆ ಇನ್ನೊಬ್ಬನ ಒಡೆತನವನ್ನು ಒಪ್ಪಿದಂತೆಯೇ. ವಾಸದ ನೆಲೆಯ ಮೇಲೆ ಹಕ್ಕು ಕೊಡುವ ಕಾನೂನು ಬೇರೆ ಬಗೆಯ ಜನರಿಗಾಗಿ ಇದೆ. ಅದೇ ಭೂಸುಧಾರಣಾ ಕಾಯ್ದೆಯ ಕಲಂ 38 ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಆ ಮನೆಯ ಹಕ್ಕನ್ನು ಕೊಟ್ಟಿತು. 2017ರಲ್ಲಿ ಜಾರಿಗೆ ಬಂದ ತಿದ್ದುಪಡಿ, ವಾಸಿಸುವವನೇ ಮನೆಯೊಡೆಯ ಎಂಬ ಘೋಷಣೆಯೊಂದಿಗೆ, ದಾಖಲೆಯಿಲ್ಲದ ತಾಂಡಾ ಮತ್ತು ಹಟ್ಟಿಗಳ ನಿವಾಸಿಗಳತ್ತ ನೋಡಿತು. ಪಟ್ಟಣದ ಬಾಡಿಗೆಗೆ ಅವೆರಡೂ ಸಂಬಂಧಿಸಿದ್ದಲ್ಲ.

ಮಾಲೀಕನ ಕಷ್ಟ

ಈ ತನಕ ಬಾಡಿಗೆದಾರನ ಮಾತಾಯಿತು. ಮಾಲೀಕನ ಪಕ್ಷವನ್ನೂ ಕೇಳದೆ ನ್ಯಾಯ ಹೇಳಬಾರದು. ಯುದ್ಧಕಾಲಕ್ಕೆಂದು ಬಂದ ಕಾಯ್ದೆ ಯುದ್ಧ ಮುಗಿದು ಅರ್ಧ ಶತಮಾನವಾದರೂ ಹೋಗಲಿಲ್ಲ. ಮುಂಬಯಿಯಲ್ಲಿ 1940ರ ಬಾಡಿಗೆಯ ಅಳತೆಯೇ 1990ರ ದಶಕದವರೆಗೂ ನಡೆಯಿತು. ತೆರಿಗೆ ಏರಿತು, ಸಿಮೆಂಟು ಏರಿತು, ಗೌಂಡಿಯ ಕೂಲಿ ಏರಿತು, ಬಾಡಿಗೆ ಮಾತ್ರ ನಿಂತಲ್ಲೇ ನಿಂತಿತು. ದುರಸ್ತಿ ಮಾಡಿಸುವವರಿಲ್ಲದೆ ಕಟ್ಟಡಗಳು ಕುಸಿಯತೊಡಗಿದವು.

ಮಲ್ಪೆ ವಿಶ್ವನಾಥ ಆಚಾರ್ಯ ಎಂಬುವರು ಮಹಾರಾಷ್ಟ್ರ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ ಇದನ್ನೇ ಎತ್ತಿ ಹೇಳಿತು. ಮಾಡಿದ ಕಾಲಕ್ಕೆ ನ್ಯಾಯವಾಗಿದ್ದ ಕಾನೂನು ಕಾಲ ಸರಿದಂತೆ ಅನ್ಯಾಯವಾಗಬಹುದು, ಬಾಡಿಗೆಯನ್ನು ಹಳೆಯ ಮಟ್ಟಕ್ಕೆ ಕಟ್ಟಿಹಾಕಿದ ನಿಯಮ ಈಗ ಸಮಾನತೆಯ ಹಕ್ಕಿಗೆ ಹೊಂದುವುದಿಲ್ಲ ಎಂಬುದು ಅದರ ಸಾರ. ಕಾಯ್ದೆಯ ಅವಧಿ ಹೇಗೂ ಕೆಲವೇ ತಿಂಗಳಲ್ಲಿ ಮುಗಿಯಲಿದ್ದುದರಿಂದ ಅದನ್ನು ಕೂಡಲೇ ರದ್ದು ಮಾಡದೆ, ಹೊಸ ಕಾನೂನು ಮಾಡುವ ಹೊಣೆಯನ್ನು ಸರ್ಕಾರಕ್ಕೆ ಬಿಟ್ಟಿತು. ಒಂದು ಕಾಲದ ಬಡವನ ಗುರಾಣಿ ಇನ್ನೊಂದು ಕಾಲದಲ್ಲಿ ಇನ್ನೊಬ್ಬ ಬಡವನಿಗೆ ಕತ್ತಿಯಾಗಬಹುದು. ಎರಡು ಖಣದ ಬಾಡಿಗೆಯಲ್ಲೇ ಬದುಕುವ ವಿಧವೆಯ ಮಾಲೀಕತನ ಮತ್ತು ಹತ್ತು ಅಂಗಡಿಗಳ ಸಾಹುಕಾರನ ಮಾಲೀಕತನ ಒಂದೇ ಅಲ್ಲ.

ಇಂದಿನ ಕಾಯ್ದೆ

ಈ ಎಲ್ಲ ಚರ್ಚೆಯ ನಂತರ ನಮ್ಮ ರಾಜ್ಯದಲ್ಲಿ ಬಂದದ್ದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಅದು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದು 1961ರ ಕಾಯ್ದೆಯನ್ನು ತೆಗೆದುಹಾಕಿತು. ಹೆಸರಿನಲ್ಲಿದ್ದ 'ನಿಯಂತ್ರಣ' ಎಂಬ ಪದ ಹೋದದ್ದನ್ನು ಗಮನಿಸಿ.

ಹೊಸ ಕಾಯ್ದೆ ಇಬ್ಬರಿಗೂ ಸ್ವಲ್ಪ ಸ್ವಲ್ಪ ಹಂಚಿತು. ಬಾಡಿಗೆ ಕರಾರು ಬರಹದಲ್ಲಿಯೇ ಇರಬೇಕು ಎಂದಿತು. ಮನೆ ಬಿಡಿಸುವ ಕಾರಣಗಳನ್ನು ಕಲಂ 27ರಲ್ಲಿ ಹೇಳಿತು. ಬಾಕಿಗೆ ನೋಟಿಸು ಕೊಟ್ಟು ಎರಡು ತಿಂಗಳಾದರೂ ಕಟ್ಟದಿರುವುದು ಅವುಗಳಲ್ಲಿ ಒಂದು. ಮಾಲೀಕರಲ್ಲಿ ವಿಧವೆಯರು, ಅಂಗವಿಕಲರು ಮತ್ತು 65 ವರ್ಷ ದಾಟಿದವರು ತಮ್ಮ ವಾಸಕ್ಕೆ ಮನೆ ಬೇಕಾದಾಗ ಬೇಗ ಪಡೆಯಲು ಕಲಂ 31ರಲ್ಲಿ ವಿಶೇಷ ದಾರಿ ಮಾಡಿತು. ಬಾಡಿಗೆದಾರ ತೀರಿಕೊಂಡರೆ, ಅವನೊಂದಿಗೆ ವಾಸವಾಗಿದ್ದ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ, ವಿಧವೆ ಸೊಸೆ ಈ ಕ್ರಮದಲ್ಲಿ ಐದು ವರ್ಷಗಳ ಮಟ್ಟಿಗೆ ಹಕ್ಕು ಮುಂದುವರಿಯುತ್ತದೆ ಎಂದು ಕಲಂ 5ರಲ್ಲಿ ಹೇಳಿತು. ಯಜಮಾನ ಕಣ್ಮುಚ್ಚಿದ ನಲವತ್ತನೆಯ ದಿನಕ್ಕೇ ಸಂಸಾರ ಬೀದಿಗೆ ಬರಬಾರದು ಎಂಬ ಆಶಯ ಅದರಲ್ಲಿದೆ.

ಆದರೆ ಈ ಕಾಯ್ದೆಯ ಬೇಲಿ ಚಿಕ್ಕದು. ಅದು ತನ್ನ ಪಟ್ಟಿಯಲ್ಲಿರುವ ಊರುಗಳಿಗೆ ಮಾತ್ರ ಅನ್ವಯಿಸುತ್ತದೆ. ಪಟ್ಟಿಯ ಮೊದಲ ಭಾಗದ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದ ಬಾಡಿಗೆಯ ಕಟ್ಟಡಗಳು ಅದರ ಹೊರಗೆ ಉಳಿಯುತ್ತವೆ. ವಾಸಕ್ಕಲ್ಲದ ಕಟ್ಟಡವಾದರೆ 14 ಚದರ ಮೀಟರಿಗಿಂತ ದೊಡ್ಡ ಮಳಿಗೆಗಳಿಗೂ ಅನ್ವಯವಿಲ್ಲ. ಇಂದಿನ ಬಾಡಿಗೆಗಳನ್ನು ನೋಡಿದರೆ ಎಷ್ಟೋ ಮನೆಗಳು ಬೇಲಿಯ ಹೊರಗೇ ಇವೆ ಎಂಬುದು ನಿಮಗೆ ತಿಳಿದೀತು. ಹೊರಗಿರುವವರಿಗೆ ಯಾವ ಕಾನೂನು? ಮತ್ತೆ ಅದೇ 1882ರ ಕಾಯ್ದೆ, ಅದೇ ಹದಿನೈದು ದಿನದ ನೋಟಿಸು, ಮತ್ತು ನೀವು ಸಹಿ ಹಾಕಿದ ಕರಾರುಪತ್ರ. ಕೇಂದ್ರ ಸರ್ಕಾರ 2021ರ ಜೂನಿನಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎಂಬುದು ಅದರ ಒಂದು ಅಂಶ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡ ಹೊರತು ಅದನ್ನು ಹಿಡಿದು ಕೋರ್ಟಿಗೆ ಹೋಗಲಾಗದು. ಹೀಗಾಗಿ ನಿಮ್ಮ ಕರಾರಿನ ಕಾಗದವೇ ಇಂದು ನಿಮ್ಮ ಕಾನೂನಾಗಿ ಉಳಿದಿದೆ.

ಕಾಗದದ ಬೆಲೆ

ಹೀಗೆ ಕಲ್ಪಿಸಿಕೊಳ್ಳಿ. ಒಬ್ಬ ತಾಯಿ ಚಾಳಿನ ಒಂದು ಮನೆಯಲ್ಲಿ ಇಪ್ಪತ್ತು ವರ್ಷ ಬಾಡಿಗೆ ಕೊಟ್ಟುಕೊಂಡು ಇದ್ದಾಳೆ. ಹಳೆಯ ಮಾಲೀಕರು ಒಳ್ಳೆಯವರು, ಕೈಯಲ್ಲಿ ಹಣ ಪಡೆದು "ಆತವ್ವಾ" ಎನ್ನುತ್ತಿದ್ದರು. ಅವರು ತೀರಿದ ಮೇಲೆ ಮಕ್ಕಳು ಬಂದು, ಈಕೆ ಬಾಡಿಗೆದಾರಳೇ ಅಲ್ಲ, ನಮ್ಮ ತಂದೆ ದಯೆಯಿಂದ ಇರಗೊಟ್ಟಿದ್ದರು ಎನ್ನುತ್ತಾರೆ. ಬಾಡಿಗೆ ಕಾಯ್ದೆಯ ಕಲಂ 43 ಇಂಥ ಹೊತ್ತಿಗಾಗಿಯೇ ಇದೆ. ಕರಾರುಪತ್ರ ಇದ್ದರೆ, ಅದಿಲ್ಲದಿದ್ದರೂ ಮಾಲೀಕರ ಸಹಿಯ ರಸೀದಿ ಇದ್ದರೆ, ಮೇಲ್ನೋಟದ ಸಾಕ್ಷ್ಯವೆಂದು ಹಿಡಿದು ಕೋರ್ಟು ಮುಂದುವರಿಯುತ್ತದೆ. ಕರಾರು ಬಾಯಿಮಾತಿನದಾಗಿ ರಸೀದಿಯೂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಸಿವಿಲ್ ಕೋರ್ಟಿಗೆ ಹೋಗಿ ಎಂದು ಹೇಳಬೇಕು. ಅಂದರೆ ವರ್ಷಗಟ್ಟಲೆ ಅಲೆದಾಟ. ಇಪ್ಪತ್ತು ವರ್ಷದ ನಂಬಿಕೆಯನ್ನು ಉಳಿಸಲು ಒಂದು ಗೇಣು ಕಾಗದ ಸಾಕಾಗಿತ್ತು. ಇದೇ ಕಲಂ ಮಾಲೀಕರಿಗೂ ಹಾಗೆಯೇ ಅನ್ವಯಿಸುತ್ತದೆ. ಕಾಗದವಿಲ್ಲದ ಮಾಲೀಕನ ಅರ್ಜಿಯೂ ಅಲ್ಲಿಗೇ ನಿಲ್ಲುತ್ತದೆ.

ಹನ್ನೊಂದು ತಿಂಗಳ ಕರಾರು ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ ಕಲಂ 17ರಂತೆ ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕು. ಆ ಖರ್ಚು ಉಳಿಸಲು ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಹನ್ನೊಂದು ತಿಂಗಳು ಮುಗಿದ ದಿನವೇ ಹೊರನಡೆಯಬೇಕು ಎಂದಲ್ಲ. ಮಾಲೀಕರು ಬಾಡಿಗೆ ಪಡೆಯುತ್ತ ಮುಂದುವರಿಸಿದರೆ ತಿಂಗಳ ಲೆಕ್ಕದ ಬಾಡಿಗೆ ಮುಂದುವರಿಯುತ್ತದೆ. ನೋಂದಣಿಯಾಗದ ಐದು ವರ್ಷದ ಕರಾರು ಇದ್ದರೂ ಬಾಡಿಗೆಯ ಸಂಬಂಧವೇ ಇಲ್ಲವಾಗದು, ಅದು ತಿಂಗಳ ಬಾಡಿಗೆಯಾಗಿ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಆಂಥೋನಿ ಮತ್ತು ಇಟ್ಟೂಪ್ ಅವರ ಮೊಕದ್ದಮೆಯಲ್ಲಿ ಹೇಳಿದೆ.

ಇದಕ್ಕಿಂತ ಎಚ್ಚರ ಬೇಕಾದದ್ದು ಲೀಸ್ ಅಥವಾ ಭೋಗ್ಯದ ವ್ಯವಹಾರದಲ್ಲಿ. ಒಂದಷ್ಟು ಲಕ್ಷ ಮುಂಗಡ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಹಣ ವಾಪಸು ಪಡೆಯುವುದು ನಮ್ಮಲ್ಲಿ ಸಾಮಾನ್ಯ. ಬಡ್ಡಿಯ ಬದಲು ವಾಸ ಎಂಬ ಈ ವ್ಯವಹಾರ ಕಾನೂನಿನ ಕಣ್ಣಿನಲ್ಲಿ ಭೋಗ್ಯದ ಅಡಮಾನವಾಗಬಹುದು. ಅಡಮಾನವಾದರೆ ನೋಂದಣಿ ಬೇಕೇ ಬೇಕು. ಬಿಳಿ ಹಾಳೆಯ ಮೇಲೆ ಬರೆಸಿಕೊಂಡು ಜೀವಮಾನದ ಉಳಿತಾಯ ಕೊಡುವ ಮೊದಲು, ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೇ ಎಂದು ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ.

ವಕ್ಫ್ ಸಂಸ್ಥೆಗಳ ಮನೆ-ಮಳಿಗೆಗಳಲ್ಲಿ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಲ್ಲಿನ ಗುತ್ತಿಗೆಯನ್ನು 1995ರ ವಕ್ಫ್ ಕಾಯ್ದೆ, ಅದರ 2013 ಮತ್ತು 2025ರ ತಿದ್ದುಪಡಿಗಳು ಮತ್ತು 2014ರ ಗುತ್ತಿಗೆ ನಿಯಮಗಳು ನಡೆಸುತ್ತವೆ. ಮುತವಲ್ಲಿಯ ಬಾಯಿಮಾತು ಅಲ್ಲಿ ಸಾಲದು. ದಾನ ಕೊಟ್ಟವರ ಉದ್ದೇಶ ಸಲ್ಲಬೇಕಾದರೆ ಬಾಡಿಗೆ ನ್ಯಾಯವಾಗಿರಬೇಕು, ಲೆಕ್ಕ ಬರಹದಲ್ಲಿರಬೇಕು.

ಬೀಗ ಹಾಕುವ ಮೊದಲು

ಬಾಕಿ ಎಷ್ಟೇ ಇರಲಿ, ಸಿಟ್ಟು ಎಷ್ಟೇ ಇರಲಿ, ಮಾಲೀಕರು ತಾವೇ ಬೀಗ ಜಡಿಯುವುದು, ಸಾಮಾನು ಹೊರಗೆಸೆಯುವುದು, ನೀರು ಮತ್ತು ವಿದ್ಯುತ್ತು ಕಡಿಯುವುದು ಸಲ್ಲದು. ನೆಲೆಯೂರಿ ಇರುವವನನ್ನು, ಅವನಿಗೆ ಉಳಿಯುವ ಹಕ್ಕು ಇಲ್ಲದಿದ್ದರೂ, ಕಾನೂನಿನ ದಾರಿಯಲ್ಲೇ ಬಿಡಿಸಬೇಕು ಎಂದು ಸುಪ್ರೀಂ ಕೋರ್ಟು 1989ರಲ್ಲಿ ಕೃಷ್ಣರಾಮ ಮಹಾಲೆ ಮೊಕದ್ದಮೆಯಲ್ಲಿ ಖಚಿತಪಡಿಸಿದೆ. ಬಲವಂತದಿಂದ ಹೊರಹಾಕಿಸಿಕೊಂಡವನು ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಹೋಗಬಹುದು. ಆರು ತಿಂಗಳು ಎಂಬುದನ್ನು ಮರೆಯಬೇಡಿ. ಪುಲಿಗೆರೆಯ ಶಾಸನದ ಅನುಭೋಗದ ಮಾತು ನಿಮಗೆ ಇಲ್ಲಿ ನೆನಪಾಗಬಹುದು.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ-ಪಂಗಡದವರಿಗೂ, ಆದಾಯ ಮಿತಿಯೊಳಗಿನ ಇತರರಿಗೂ ಈ ಸೌಲಭ್ಯ ಇದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಕೋರ್ಟಿನ ತೀರ್ಪಿನಷ್ಟೇ ಅಂತಿಮ.

ಕಾನೂನು ಮುಟ್ಟದ ಜಾಗ

ಒಂದು ಕಹಿ ಮಾತನ್ನು ಹೇಳದೆ ಮುಗಿಸಲಾರೆ. ಹೆಸರು ಕೇಳಿ, ಜಾತಿ ಕೇಳಿ, ಊಟ ಏನು ಮಾಡುತ್ತೀರಿ ಎಂದು ಕೇಳಿ ಮನೆ ಇಲ್ಲ ಎಂದ ಅನುಭವ ನಿಮ್ಮಲ್ಲಿ ಅನೇಕರಿಗೆ ಆಗಿರಬಹುದು. ಸಂವಿಧಾನದ 15ನೆಯ ವಿಧಿ ಭೇದ ಮಾಡಬಾರದೆಂದು ಸರ್ಕಾರಕ್ಕೆ ಹೇಳುತ್ತದೆ. ಅಂಗಡಿ, ಹೋಟೆಲುಗಳ ಪ್ರವೇಶವನ್ನೂ ಅದು ಹೆಸರಿಸುತ್ತದೆ. ಖಾಸಗಿ ಮಾಲೀಕ ತನ್ನ ಮನೆ ಯಾರಿಗೆ ಕೊಡಬೇಕು ಎಂಬಲ್ಲಿ ಅದು ಬಹುಮಟ್ಟಿಗೆ ಮೌನ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘದ ಮೊಕದ್ದಮೆಯಲ್ಲಿ, ಸದಸ್ಯತ್ವ ತಮ್ಮ ಸಮುದಾಯಕ್ಕೆ ಮಾತ್ರ ಎಂಬ ಉಪನಿಯಮವನ್ನು ಸುಪ್ರೀಂ ಕೋರ್ಟು ಒಪ್ಪಿತು. ಕಾನೂನು ನಿಂತಲ್ಲಿಂದ ಮನುಷ್ಯತ್ವ ಆರಂಭವಾಗಬೇಕು. ಈ ಮಾತು ನಮ್ಮನ್ನೂ ಕೇಳುತ್ತದೆ. ನಮ್ಮಲ್ಲಿ ಮನೆಯುಳ್ಳವರು ಬಾಗಿಲಿಗೆ ಬಂದ ಬೇರೆ ಸಮಾಜದ ಬಡ ವಿದ್ಯಾರ್ಥಿಗೆ ಏನು ಉತ್ತರ ಕೊಡುತ್ತಿದ್ದೇವೆ? ತನಗೆ ನೋವಾದದ್ದನ್ನು ಇನ್ನೊಬ್ಬರಿಗೆ ಮಾಡದಿರುವುದೇ ಮೊದಲ ನ್ಯಾಯ.

ಕೊನೆಯ ಮಾತು

1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತರಿಗೆ ಕಲಿಸಿದ್ದು ಎರಡು ಸಂಗತಿ, ಒಬ್ಬರನ್ನೊಬ್ಬರು ನಂಬುವುದು ಮತ್ತು ಲೆಕ್ಕ ಬರೆದಿಡುವುದು. ನಂಬಿಕೆ ಮತ್ತು ಬರಹ ಒಂದಕ್ಕೊಂದು ವೈರಿಗಳಲ್ಲ ಎಂಬುದನ್ನು ನಮ್ಮ ಸೀಮೆ ದೇಶಕ್ಕೇ ತೋರಿಸಿದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಓಣಿಯಲ್ಲಿ ಓದುಬರಹ ಬಾರದ ಹಿರಿಯರಿದ್ದರೆ ಈ ತಿಂಗಳು ಅವರ ಬಳಿ ಒಂದು ಗಳಿಗೆ ಕುಳಿತುಕೊಳ್ಳಿ. ಒಂದು ನೂರು ಪುಟದ ನೋಟುಬುಕ್ಕು ಕೊಳ್ಳಿ. ತಾರೀಖು, ತಿಂಗಳು, ಮೊತ್ತ, ಪಡೆದವರ ಸಹಿ ಎಂದು ನಾಲ್ಕು ಗೆರೆ ಎಳೆದುಕೊಡಿ. ಮಾಲೀಕರ ಬಳಿ ಅವರೊಂದಿಗೆ ಹೋಗಿ, "ಅಣ್ಣಾರ, ತಪ್ಪ ತಿಳೀಬ್ಯಾಡ್ರಿ, ನಿಮಗೂ ಲೆಕ್ಕ, ನಮಗೂ ಲೆಕ್ಕ" ಎಂದು ವಿನಯದಿಂದ ಸಹಿ ಕೇಳಿ. ಸದಸ್ಯ ಬಂಧುಗಳೇ, ನೀವು ಮಾಲೀಕರಾಗಿದ್ದರೆ ಕೇಳುವ ಮೊದಲೇ ಪಾವತಿ ಬರೆದುಕೊಡಿ. ಕೊಡುವ ಕೈಗೂ ಪಡೆಯುವ ಕೈಗೂ ಅದರಿಂದ ಗೌರವವೇ ಹೆಚ್ಚುತ್ತದೆ.